ಅಜ್ಜಿ ಹೇಳಿದ ಪ್ಲೇಗಿನ ವರ್ಷ

ಮುತ್ತಜ್ಜ ಪ್ಲೇಗಿನಲ್ಲಿ ಪೇಟೆ ಬಿಟ್ಟು ಬಸವನಗುಡಿಗೆ ಬಂದರು ಅಂತ ಅಜ್ಜಿ ಹೇಳ್ತಿದ್ರು, ಕಾಗದ ಒಂದೂ ಇಲ್ಲ, ನಂಬಬಹುದಾ ಎಂದು ಕೇಳಿದ್ದೀರಿ. ನಂಬಿ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಇಕ್ಕಟ್ಟಿನ ಪೇಟೆಯಿಂದ ಜನ ಹೊರಬರಲೆಂದೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು.

ನಮ್ಮಜ್ಜಿಯೂ ಇಸವಿ ಹೇಳಿದವರಲ್ಲ. “ನಮ್ಮತ್ತೆ ಪ್ಲೇಗಿನ ಗುಡಿಸಲಲ್ಲಿ ಹುಟ್ಟಿದೋರು” ಅನ್ನೋರು, ಅಷ್ಟೇ. ಕಟ್ಟುಕತೆ ಅಂದುಕೊಂಡು ನಕ್ಕಿದ್ದೆ, ಈಗ ನಾಚಿಕೆಯಾಗುತ್ತೆ.

ಅದಕ್ಕೂ ಹಿಂದೆ ಹೋಗಬೇಕಾದರೆ ಮೊದಲು ಮನೆದೇವರು ಯಾರು ಅಂತ ವಿಚಾರಿಸಿ. ಊರು ಬಿಟ್ಟರೂ ಮನೆದೇವರನ್ನು ಬಿಟ್ಟವರು ಕಡಿಮೆ. ನಮ್ಮದು ಮಾಗಡಿ ರಂಗನಾಥಸ್ವಾಮಿ. ಆ ಜಾಡು ಹಿಡಿದೇ ಅಲ್ಲಿನ ಹಳ್ಳಿಯಲ್ಲಿ ದಾಯಾದಿಗಳು ಸಿಕ್ಕರು. ಅವರ ಮನೆಗೆ ಇವತ್ತಿಗೂ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಳ್ಳೋರು, ಬಂದು ಅದನ್ನು ಓದಿ, ದವಸ-ದುಡ್ಡು ಈಸ್ಕೊಂಡು ಹೋಗ್ತಾರೆ. (ಎಲ್ಲ ಜಾತಿಯವರಿಗೂ ಹೆಳವರಿಲ್ಲ, ನಿಮ್ಮವರಿಗೆ ಇದ್ದಾರಾ ಕೇಳಿ ನೋಡಿ.) ಆ ಹೆಳವರ ಪುಸ್ತಕದಲ್ಲಿ ನಮ್ಮ ಮುತ್ತಜ್ಜನ ಹೆಸರಿತ್ತು, ಮುಂದೆ “ಬೆಂಗಳೂರು ಸೇರಿದ” ಅಂತ ಒಂದೇ ಸಾಲು. ಹೆಣ್ಣುಮಕ್ಕಳ ಹೆಸರು ಒಂದೂ ಇರಲಿಲ್ಲ!

ಹಾಗಾಗಿ ಅಜ್ಜಿಯ ತಂಗಿಯೋ ನಾದಿನಿಯೋ ಯಾರಾದರೂ ಇದ್ದರೆ ಈ ಭಾನುವಾರವೇ ಹೋಗಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.