ರಿಪೋರ್ಟ್ ಚೆನ್ನಾಗಿದೆ, ಕಾಲು ಮಾತ್ರ ಕೇಳ್ತಿಲ್ಲ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆಕೆಗೆ 50ರ ಆಸುಪಾಸು. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರಗಳಿಗೆ ಗಾಯ ಮಾಡೋ ಕಾಯಿಲೆ) ಬಂದು ತುಂಬಾ ವರ್ಷವಾಗಿದೆ, ಈಗ ಸೆಕೆಂಡರಿ ಪ್ರೊಗ್ರೆಸಿವ್ ಹಂತ, ಅಂದ್ರೆ ನಿಧಾನವಾಗಿ ಹೆಚ್ಚುತ್ತಲೇ ಹೋಗೋ ಹಂತ. ಕೂತ ಕೂಡಲೇ ಗಂಡ ಎಂಆರ್‌ಐ ರಿಪೋರ್ಟ್ ಮುಂದಿಟ್ಟರು. "ನೋಡಿ ಮೇಡಂ, ಹೊಸ ಗಾಯ ಇಲ್ಲ, ಕಾಂಟ್ರಾಸ್ಟ್ ಎಲ್ಲೂ ಹಿಡಿದಿಲ್ಲ. ಅಂದ್ರೆ ಉರಿಯೂತ ಇಲ್ಲ ಅಲ್ವಾ? ಇವಳು ಮಾತ್ರ ನಡೆಯೋದು ಕಮ್ಮಿ ಮಾಡ್ತಿದ್ದಾಳೆ."

ಕಮ್ಮಿ ಆಗ್ತಿದೆ ಅನ್ನಲಿಲ್ಲ, ಕಮ್ಮಿ ಮಾಡ್ತಿದ್ದಾಳೆ ಅಂದರು. ಆಕೆ ನೆಲ ನೋಡ್ತಾ ಕೂತಿದ್ದರು.

ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ. ಆಕೆಯ ಒಪ್ಪಿಗೆ ಪಡೆದು ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿದೆ, ಮುಂದಿನ ಸಲ ಇಬ್ಬರಿಗೂ ವಿವರಿಸಿದೆ. ಕಾಂಟ್ರಾಸ್ಟ್ ಅಂತ ಕೊಡೋ ಗ್ಯಾಡೋಲಿನಿಯಂ, ರಕ್ತಕ್ಕೂ ಮೆದುಳಿಗೂ ನಡುವಿನ ತಡೆ ಒಡೆದ ಕಡೆ ಮಾತ್ರ ಸೋರಿ ಬೆಳ್ಳಗೆ ಕಾಣುತ್ತೆ. ಅದು ಹೊಸ ಉರಿಯೂತದ ಗುರುತು. ಈ ಹಂತದಲ್ಲಿ ತಡೆ ಬಹುಮಟ್ಟಿಗೆ ಮುಚ್ಚಿಕೊಂಡಿರುತ್ತೆ, ಉರಿಯೂತ ಒಳಗೇ ಉಳಿಯುತ್ತೆ. ಮೆದುಳಿನದೇ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಹಳೇ ಗಾಯಗಳ ಅಂಚಲ್ಲಿ ಸದ್ದಿಲ್ಲದೆ ಕೆಲಸ ಮಾಡ್ತಾ ಇರುತ್ತವೆ. ಬೂದಿ ಮುಚ್ಚಿದ ಕೆಂಡ. ನರದ ಎಳೆಗಳು ಸವೆಯೋದು ಬೇರೆ, ಬೆನ್ನುಹುರಿಯ ಗಾಯವಂತೂ ಮೆದುಳಿನ ಸ್ಕ್ಯಾನಲ್ಲಿ ಹೆಚ್ಚಾಗಿ ಬರೋದೇ ಇಲ್ಲ.

ಆಕೆ ತಲೆ ಎತ್ತಿದರು. "ಆ ಕೆಂಡ ಕಾಣೋ ಸ್ಕ್ಯಾನ್ ಇದೆಯಾ? ಮಾಡಿಸ್ಕೊಂಡು ಬರ್ತೀನಿ."

ಇದೆ. ಮೈಕ್ರೋಗ್ಲಿಯಾದಲ್ಲಿರೋ ಟಿಎಸ್‌ಪಿಒ ಅನ್ನೋ ಪ್ರೋಟೀನಿಗೆ ಅಂಟೋ ವಿಕಿರಣ ವಸ್ತು ಕೊಟ್ಟು, ಅದು ಎಲ್ಲಿ ಸೇರಿದೆ ಅಂತ ತೋರಿಸೋ ಪಿಇಟಿ ಸ್ಕ್ಯಾನ್ ತೆಗೀತಾರೆ. ಆದರೆ ಅದು ಇನ್ನೂ ಹೆಚ್ಚಾಗಿ ಸಂಶೋಧನೆಯ ಮಟ್ಟದಲ್ಲೇ ಇದೆ. ಅದರಲ್ಲಿ ಹಲವು ಸಲ ಬಳಸೋ ವಿಕಿರಣ ಮೂಲ ಕಾರ್ಬನ್-11 ಸುಮಾರು 20 ನಿಮಿಷಕ್ಕೇ ಅರ್ಧ ಆಗಿಬಿಡುತ್ತೆ, ದೂರದಿಂದ ತರಿಸೋಕೆ ಆಗಲ್ಲ. ಆ ಪ್ರೋಟೀನ್ ಬೇರೆ ಕೋಶಗಳಲ್ಲೂ ಇರೋದ್ರಿಂದ ಕಂಡಿದ್ದೆಲ್ಲಾ ಮೈಕ್ರೋಗ್ಲಿಯಾ ಅನ್ನೋಕೂ ಆಗಲ್ಲ. ಕೆಲವು ಎಂಆರ್‌ಐ ವಿಧಾನಗಳಲ್ಲಿ ಹಳೇ ಗಾಯದ ಸುತ್ತ ಕಬ್ಬಿಣದ ಕಪ್ಪು ಅಂಚು ಕಾಣಬಹುದು, ಎಲ್ಲಾ ಗಾಯಕ್ಕೂ ಅಲ್ಲ.

"ಯಾರಿಗೆ ತೋರಿಸೋಕೆ?" ಅಂತ ಕೇಳಿದೆ. ಆಕೆ ಗಂಡನ ಕಡೆ ನೋಡಿದರು. ಅಳು ಬಂತು.

ನನ್ನ ಸಲಹೆ ಇಷ್ಟೇ ಇತ್ತು. ಸಾಕ್ಷಿಗೋಸ್ಕರ ಸುಮ್ನೆ ಸ್ಕ್ಯಾನ್ ಹುಡುಕಬೇಡಿ. ಬೆನ್ನುಹುರಿ ಎಂಆರ್‌ಐ ಬೇಕಾ, ಕಪ್ಪು ಅಂಚು ನೋಡೋಕೆ ಆಗುತ್ತಾ, ಗೊತ್ತಾದರೆ ಚಿಕಿತ್ಸೆ ಬದಲಾಗುತ್ತಾ ಅಂತ ಡಾಕ್ಟರನ್ನೇ ಕೇಳಿ. 25 ಅಡಿ ನಡಿಗೆಗೆ ಎಷ್ಟು ಸೆಕೆಂಡ್ ಹಿಡೀತು ಅಂತ ಪ್ರತಿ ಸಲ ಬರೆಸಿಕೊಳ್ಳಿ, ಸ್ಕ್ಯಾನಿಗಿಂತ ಇದೇ ಜಾಸ್ತಿ ಹೇಳಬಹುದು. ಒಂದೆರಡು ದಿನದಲ್ಲೇ ದಿಢೀರನೆ ಕೆಟ್ಟರೆ ತಡಮಾಡದೆ ತೋರಿಸಿ, ಮೂತ್ರದ ಸೋಂಕು ಕೂಡ ಹಾಗೆ ಮಾಡುತ್ತೆ. ಗಂಡನಿಗೆ ಒಂದೇ ಕೆಲಸ ಕೊಟ್ಟೆ: "ಯಾಕೆ ನಡೀತಿಲ್ಲ" ಅನ್ನೋ ಬದಲು "ಇವತ್ತು ಎಷ್ಟು ದೂರ ಆಗುತ್ತೆ" ಅಂತ ಕೇಳೋದು.

ಮೂರನೇ ಸಲ ಅವರು ರಿಪೋರ್ಟ್ ತಂದಿರಲಿಲ್ಲ. ಆಕೆ ಊರುಗೋಲು ತಂದಿದ್ದರು. ನಾಟಕ ಅಂತಾರೇನೋ ಅಂತ ಅಲ್ಲೀವರೆಗೂ ಅದನ್ನ ಮನೇಲೇ ಬಿಟ್ಟು ಬರ್ತಿದ್ದರಂತೆ.