ಮಿನಿಮಲಿಸ್ಟ್ ಮನೆ ಕಟ್ಟಿ, ಆದರೆ ಅಟ್ಟ ಬಿಡಬೇಡಿ

ಕಾಸರಗೋಡು ಕಡೆಯ ಮುಳ್ಳೇರಿಯದ ಹಂಚಿನ ಮನೆ ಕೆಡವಿ ಮಿನಿಮಲಿಸ್ಟ್ ಮನೆ, ಅಂದರೆ ಆದಷ್ಟು ಕಡಿಮೆ ಸಾಮಾನಿನ ಖಾಲಿ ಖಾಲಿ ಮನೆ ಕಟ್ಟುವುದಾ, ಹಳೇ ಕ್ರಮದ್ದೇ ಕಟ್ಟುವುದಾ ಎಂದು ಕೇಳಿದ್ದೀರಿ. ಪೆರ್ಲದ ಹತ್ತಿರ ನಾವು ಮೊದಲನೆಯದನ್ನೇ ಮಾಡಿದೆವು. ಬಿಳಿ ಗೋಡೆ, ಹಿಡಿ ಇಲ್ಲದ ಕಪಾಟು, ಹಾಲ್‌ನಲ್ಲಿ ಒಂದು ಸೋಫಾ. ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಎಡವಿದ್ದು ಅಟ್ಟದಲ್ಲಿ. ಸೀಲಿಂಗ್ ನುಣ್ಣಗೆ ಕಾಣಲಿ ಎಂದು ಅದನ್ನು ಬೇಡ ಎಂದೆ. "ಅಡಿಕೆ ಎಲ್ಲಿಡುದು ಮಾರಾಯ?" ಎಂದು ಅಮ್ಮ ಕೇಳಿದ್ದರು. ನೋಡುವ ಎಂದು ಜಾರಿಕೊಂಡೆ.

ಹಳೆ ಅಟ್ಟ ಅಡುಗೆಮನೆಯ ಮೇಲಿತ್ತು. ಒಲೆಯ ಬಿಸಿ, ಹೊಗೆ ಎರಡೂ ಮೇಲೇರುತ್ತಿದ್ದವು. ಆಟಿ ತಿಂಗಳ ಜೋರು ಮಳೆಯಲ್ಲೂ ಚೀಲಗಳು ಬೆಚ್ಚಗಿರುತ್ತಿದ್ದವು. ಹಳೆ ಅಡಿಕೆಗೆ ದರ ಜಾಸ್ತಿ, ಹಾಗಾಗಿ ಮಳೆಗಾಲ ದಾಟಿಸಿಯೇ ಮಾರುವುದು. ಹೊಸ ಮನೆಯಲ್ಲಿ ಚೀಲಗಳನ್ನು ಟೈಲ್ಸ್ ಮೇಲೆ, ಪಡುಬದಿಯ ಗೋಡೆಗೆ ಒರಗಿಸಿಟ್ಟೆ. ಮಳೆ ಬಡಿಯುವುದೇ ಆ ಬದಿಗೆ. ಸಾರಣೆಯ ಸಣ್ಣ ಬಿರುಕು ಸಾಕು, ಕೆಂಪುಕಲ್ಲು ನೀರು ಕುಡಿಯುತ್ತದೆ. ಕಲ್ಲು ಕುಡಿದದ್ದನ್ನು ಗೋಣಿ ಕುಡಿಯಿತು. ಚೀಲದ ಕೆಳಗೆ ಒಂದು ಹಲಗೆ ಕೂಡ ಇಟ್ಟಿರಲಿಲ್ಲ. ಇರಚಲು ಎಂದು ಕಿಟಕಿ ಮುಚ್ಚಿದ್ದೆ, ಗಾಳಿಯೂ ಇಲ್ಲ. ಚೌತಿಯ ಹೊತ್ತಿಗೆ ಬಿಚ್ಚಿದರೆ ಒಳಗೆಲ್ಲ ಬೂಸ್ಟು. ಒಳ್ಳೆ ಮಾಲು ಕರಿಗೋಟಿನ, ಅಂದರೆ ಹಾಳು ಅಡಿಕೆಯ ದರಕ್ಕೆ ಹೋಯಿತು.

ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗೆ ಕಾಣುವುದು. ಹಳೆ ಮನೆಯ ಚಾವಡಿಯಲ್ಲಿ ಏನಿತ್ತು? ಒಂದು ಬೆಂಚು, ಒಂದು ಚಾಪೆ. ಅದಕ್ಕಿಂತ ಮಿನಿಮಲ್ ಬೇಕಾ? ಕೆಳಗೆ ಖಾಲಿ ಇದ್ದದ್ದು ಮೇಲೆ ತುಂಬಿದ್ದರಿಂದ. ಜಪಾನಿನ ಹಳೆ ಕ್ರಮದ ಕೋಣೆಗಳಲ್ಲೂ ಹಾಸಿಗೆ ಮಡಚಿಡಲು ಒಶಿಇರೆ ಎಂಬ ಆಳವಾದ ಗೋಡೆಕಪಾಟು ಇರುತ್ತದೆ. ಫೋಟೋದಲ್ಲಿ ಅದರ ಬಾಗಿಲು ಮುಚ್ಚಿರುತ್ತದೆ, ಅಷ್ಟೇ. ಅಮೆರಿಕದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ 1951ರಲ್ಲಿ ಮುಗಿಸಿದ ಗಾಜಿನ ಮನೆ ಭಾರೀ ಹೆಸರಾಯಿತು. ಅದರ ಒಡತಿ ಡಾಕ್ಟರ್ ಎಡಿತ್ ಫಾರ್ನ್ಸ್‌ವರ್ತ್ ಮಾತ್ರ, ಸಿಂಕಿನ ಅಡಿ ಕಸದ ಡಬ್ಬಿ ಇಡಲೂ ಆಗುವುದಿಲ್ಲ, ರಸ್ತೆಗೆ ಕಾಣುತ್ತದೆ ಎಂದು ದೂರಿದ್ದರು. ಪುಣ್ಯಕ್ಕೆ ಅವರಿಗೆ ಅಡಿಕೆ ತೋಟ ಇರಲಿಲ್ಲ.

ಬಿಳಿ ಗೋಡೆ ಬೇಕಾದರೆ ಧಾರಾಳ ಮಾಡಿಸಿ. ಅದಕ್ಕಿಂತ ಮೊದಲು ಉರುಳಿ ಪಾತ್ರೆ, ಭರಣಿ, ತಿಥಿಯ ಮಣೆ, ಅಡಿಕೆ ಚೀಲ ಎಲ್ಲ ಎಷ್ಟು ಜಾಗ ಹಿಡಿಯುತ್ತದೆ ಎಂದು ಮನೆಯ ಹಿರಿಯರ ಹತ್ತಿರ ಕೇಳಿ, ಎಂಜಿನಿಯರ್ ಆಮೇಲೆ. ಅಟ್ಟಕ್ಕೆ ಗಾಳಿಯಾಡುವ ಕಿಂಡಿ ಇರಲಿ. ಗ್ಯಾಸ್ ಒಲೆಯ ಮೇಲೆ ಹಾಕಿ ಪ್ರಯೋಜನ ಇಲ್ಲ, ಕಟ್ಟಿಗೆ ಉರಿಯುವುದು ಈಗ ಬಚ್ಚಲಲ್ಲಿ ಮಾತ್ರ ಅಲ್ವಾ, ಆ ಒಲೆಯ ಮೇಲೆ ಹಾಕಿಸಿ.