ಪಾದ ನೇರ ಆಯ್ತಲ್ಲ, ಇನ್ನೂ ಬೂಟು ಯಾಕೆ?

ಪ್ರಶ್ನೆ: ಮಗನಿಗೆ ಹುಟ್ಟುವಾಗಲೇ ಎರಡೂ ಪಾದ ಒಳಕ್ಕೆ ಸೊಟ್ಟಗಿದ್ದವು. ವಾರವಾರ ದಾವಣಗೆರೆಗೆ ಹೋಗಿ ಸಿಮೆಂಟ್ ಪಟ್ಟಿ ಹಾಕಿಸಿದೆವು, ಹಿಮ್ಮಡಿ ಮೇಲೆ ಸಣ್ಣ ಕೊಯ್ತ ಮಾಡಿದರು, ಆಮೇಲೆ ನಡುವೆ ಕಂಬಿ ಇರುವ ಬೂಟು ಕೊಟ್ಟರು. ರಾತ್ರಿಯೆಲ್ಲ ಅಳುತ್ತಾನೆ, ಪಾದ ಹೆಂಗೂ ನೇರ ಆಯ್ತಲ್ಲ ಅಂತ ಅತ್ತೆ ಬಿಚ್ಚಿಸಿಬಿಟ್ಟರು. ಈಗ ಒಂದೂವರೆ ವರ್ಷ. ನಡೆಯುವಾಗ ಬಲಗಾಲಿನ ಹಿಮ್ಮಡಿ ನೆಲ ಮುಟ್ಟಲ್ಲ, ಪಾದದ ಹೊರ ಅಂಚಿನ ಮೇಲೆ ಊರುತ್ತಾನೆ. ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೇ ಹೀಗಾಯ್ತು ಅಂತ ಬೇರೆ ಮಾತು. ದೊಡ್ಡ ಆಪರೇಷನ್ನೇ ಗತಿನಾ?
– ಒಬ್ಬ ತಾಯಿ, ಜಗಳೂರು

ಉತ್ತರ: ಗ್ರಹಣದ ಮಾತು ಮೊದಲು ಮುಗಿಸಿಬಿಡೋಣ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾವಿರ ಕೂಸು ಹುಟ್ಟಿದರೆ ಹೆಚ್ಚುಕಡಿಮೆ ಒಂದಕ್ಕೆ ಈ ಕ್ಲಬ್‌ಫೂಟ್ ಇರುತ್ತೆ, ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಗ್ರಹಣಕ್ಕೆ ಬಾಗಿಲು ಹಾಕಿಕೊಳ್ಳದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತವೆ.

ನಿಮ್ಮ ಮಗನಿಗೆ ಮಾಡಿದ್ದು ಪೊನ್ಸೆಟಿ ಪದ್ಧತಿ. ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿದ್ದ ಡಾಕ್ಟರ್ ಇಗ್ನಾಸಿಯೊ ಪೊನ್ಸೆಟಿ ರೂಢಿಗೆ ತಂದಿದ್ದು. ಪಾದವನ್ನೆಲ್ಲ ಕೊಯ್ದು ನೇರ ಮಾಡಿಸಿಕೊಂಡ ಮಕ್ಕಳು ದೊಡ್ಡವರಾದ ಮೇಲೆ ಪಾದ ಬಿಗಿದುಕೊಂಡು, ನೋವಿನಲ್ಲೇ ನಡೆಯೋದನ್ನು ನೋಡಿ ಅವರು ಪಟ್ಟಿಯ ದಾರಿ ಹಿಡಿದರು. ಪಟ್ಟಿ ಪಾದವನ್ನು ತಿದ್ದುತ್ತೆ, ತಿದ್ದಿದ್ದನ್ನು ಉಳಿಸೋದು ಬೂಟು. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4-5 ವರ್ಷ ತುಂಬುವವರೆಗೆ ರಾತ್ರಿ ಮತ್ತು ಹಗಲು ಮಲಗುವಾಗ. ಪಾದವನ್ನು ಒಳಕ್ಕೆ ಎಳೆಯುವ ಬಿಗಿತ ಅಷ್ಟು ದಿನ ಒಳಗೇ ಇರುತ್ತೆ, ಹೊರಗಿನಿಂದ ಕಾಣಲ್ಲ. ಸೊಟ್ಟ ಮರುಕಳಿಸೋಕೆ ಬೂಟು ಬಿಟ್ಟಿದ್ದೇ ದೊಡ್ಡ ಕಾರಣ. ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ನೇರ ಕಾಣುವ ಪಾದಕ್ಕೆ ಕಂಬಿ ಕಟ್ಟಿದರೆ ಯಾವ ಅಜ್ಜಿಗಾದರೂ ಕರುಳು ಚುರ್ ಅನ್ನುತ್ತೆ. ಮುಂದಿನ ಸಲ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ವಯಸ್ಸಿನಲ್ಲಿ ಮರುಕಳಿಸಿದರೆ ಸಾಮಾನ್ಯವಾಗಿ ಮತ್ತೆ ಕೆಲವು ವಾರ ಪಟ್ಟಿ, ಬೇಕಾದರೆ ಹಿಮ್ಮಡಿಯ ಕೊಯ್ತ ಇನ್ನೊಮ್ಮೆ, ಆಮೇಲೆ ಪುನಃ ಬೂಟು. ಸ್ನಾಯುವನ್ನು ಬೇರೆ ಕಡೆ ಜೋಡಿಸುವ ಆಪರೇಷನ್ ಕೆಲವರಿಗೆ ಬೇಕಾಗುತ್ತೆ, ಅದೂ ಎರಡೂವರೆ-ಮೂರು ವರ್ಷ ಆದ ಮೇಲಿನ ಮಾತು. ತಡ ಮಾಡದೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತೋರಿಸಿ. ಅಲ್ಲಿಯವರೆಗೆ ಹಳೇ ಬೂಟನ್ನು ಬಲವಂತವಾಗಿ ತುರುಕಬೇಡಿ, ಹಿಮ್ಮಡಿ ಕೂರದಿದ್ದರೆ ಬೊಬ್ಬೆ ಬರುತ್ತೆ ಅಷ್ಟೇ.

ಮತ್ತೆ ಬೂಟು ಕೊಟ್ಟಾಗ ಮಂಡಿ ಮಡಿಸಿ ಪಾದ ಇಳಿಸಿ, ಹಿಮ್ಮಡಿ ತಳಕ್ಕೆ ಕೂತಿದ್ದನ್ನು ನೋಡಿಕೊಂಡು ಬೂಟಿನ ನಡುವಿನ ಬೆಲ್ಟ್ ಮೊದಲು ಬಿಗಿಯಿರಿ. ಹತ್ತಿ ಕಾಲುಚೀಲ ಇರಲಿ. ಕೆಂಪಾದ ಕಡೆ ಎಣ್ಣೆ ಹಚ್ಚಬೇಡಿ, ಚರ್ಮ ಮೆತ್ತಗಾಗಿ ಇನ್ನೂ ಕೆಡುತ್ತೆ. ಅಳು ಬಹಳ ಸಲ ನೋವಿಗಲ್ಲ, ಒಂದೊಂದೇ ಕಾಲು ಒದೆಯೋಕೆ ಆಗಲ್ಲ ಅಂತ. ಕಂಬಿ ಹಿಡಿದು ಎರಡೂ ಮಂಡಿ ಒಟ್ಟಿಗೆ ಮಡಿಸಿ, ಚಾಚಿ ಆಟ ಆಡಿಸಿ, ಕೆಲವು ದಿನದಲ್ಲಿ ಕಲೀತಾನೆ. ಕಂಬಿಗೆ ಹಳೇ ಸೀರೆ ತುಂಡು ಸುತ್ತಿ, ಇಲ್ಲಾಂದ್ರೆ ಪಕ್ಕ ಮಲಗಿದವರ ಮೂಗಿಗೆ ಗ್ಯಾರಂಟಿ ಪೆಟ್ಟು!

ಪ್ರಶ್ನೆ: ನಾಲ್ಕು ವರ್ಷದ ಮಗಳದು ಚಪ್ಪಟೆ ಪಾದ. ಬೂಟಿನ ಅಂಗಡಿಯವರು ದುಬಾರಿ ಸೋಲ್ ಹಾಕಿಸಿ ಅಂತಾರೆ.
– ಹೊಸದುರ್ಗದ ಓದುಗರು

ಉತ್ತರ: ದುಡ್ಡು ಉಳಿಸಿ. ಈ ವಯಸ್ಸಿನಲ್ಲಿ ಪಾದ ಚಪ್ಪಟೆ ಇರೋದು ಮಾಮೂಲಿ. ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಒಳಗಡೆ ಕಮಾನು ಎದ್ದರೆ, ನೋವೂ ಇಲ್ಲದಿದ್ದರೆ ಸುಮ್ನೆ ಬಿಡಿ, ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ. ಕಮಾನು ಏಳದೆ ಪಾದ ಬಿಗಿಯಾಗಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಆರು ವರ್ಷದ ಮಗ ಹೆಬ್ಬೆರಳು ಒಳಗೆ ಮಾಡಿ ನಡೀತಾನೆ, ಎಡವುತ್ತಾನೆ.
– ಚಳ್ಳಕೆರೆಯ ಓದುಗರು

ಉತ್ತರ: ಹೆಚ್ಚಿನ ಮಕ್ಕಳಲ್ಲಿ ಇದು ತೊಡೆ ಮೂಳೆಯ ತಿರುವು. 8-10 ವರ್ಷದ ಹೊತ್ತಿಗೆ ಬಹುಪಾಲು ತಾನೇ ಸರಿಹೋಗುತ್ತೆ, ಸ್ಪೆಷಲ್ ಬೂಟಿನಿಂದ ಬೇಗ ಆಗಲ್ಲ. ಒಂದೇ ಕಾಲು ತಿರುಗಿದ್ದರೆ, ಕುಂಟಿದರೆ, ದಿನೇದಿನೇ ಜಾಸ್ತಿ ಆಗುತ್ತಿದ್ದರೆ ಮಾತ್ರ ಕಾಯಬೇಡಿ.